ಡಿಟಿಪಿ ಮೇಜಿನ ಮೇಲಿನ ಹಳೆಯ ವಿಂಡೋಸ್: ಹುಬ್ಬಳ್ಳಿ–ಧಾರವಾಡದಲ್ಲಿ ಆವೃತ್ತಿಯ ಆಯ್ಕೆ

ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಮನೋಹರ ಗ್ರಂಥಮಾಲೆ 1933ರಲ್ಲಿ. ಪುಸ್ತಕದ ನಂಟು ಇಷ್ಟು ಹಳೆಯದಾದ ಈ ಅವಳಿನಗರದಲ್ಲಿ ಅಚ್ಚುಮೊಳೆ ಹೋಗಿ ಡಿಟಿಪಿ ಬಂದಾಗ, ಕನ್ನಡ ಪಠ್ಯ ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ಗೂ ನುಡಿ, ಶ್ರೀಲಿಪಿಗಳಂಥ ಫಾಂಟುಗಳಿಗೂ ಕಟ್ಟುಬಿದ್ದಿತು. ಯಾವ ವಿಂಡೋಸ್ ಸ್ಥಿರ ಎಂಬ ಪ್ರಶ್ನೆಯನ್ನು ಇಲ್ಲಿ ಈ ಕಟ್ಟಿನಿಂದಲೇ ಬಿಡಿಸಬೇಕು ಎಂಬುದು ನನ್ನ ವಾದ.

‘ಚಲೋ ನಡದೈತಲ್ಲ, ಯಾಕ ಮುಟ್ಟೂದು?’ ಎಂಬ ಡಿಟಿಪಿ ಅಂಗಡಿಯ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವವರಿದ್ದಾರೆ. ನಾನು ಆ ಸಾಲಿನವನಲ್ಲ. ಹಳೆಯ ನುಡಿ ಫಾಂಟು ತಲೆಕಟ್ಟು, ಗುಡಿಸು, ಒತ್ತುಗಳ ತುಣುಕುಗಳನ್ನು ರೋಮನ್ ಲಿಪಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸುತ್ತದೆ. ಫಾಂಟಿಲ್ಲದ ಗಣಕದಲ್ಲಿ ಅದೇ ಕಡತ ಅರ್ಥವಿಲ್ಲದ ಕಲಸುಮೇಲೋಗರ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟನ್ನೂ ತಂದಿತು. ಪೇಜ್‌ಮೇಕರ್ ಮಾತ್ರ ಯುನಿಕೋಡ್ ಅರಿಯದೆಯೇ ತನ್ನ 7ನೇ ಆವೃತ್ತಿಯಲ್ಲಿ ನಿಂತುಹೋಯಿತು. ಲಗ್ನಪತ್ರಿಕೆಯ ಮಾದರಿಗಳೂ ಮರುಮುದ್ರಣಕ್ಕೆ ಕಾದ ಕಾದಂಬರಿಗಳೂ ಅದರೊಡನೆ ನಿಂತವು. ಗಣಕ ಬದಲಿಸುವ ಭಯಕ್ಕೆ ಕಾರಣವಿದೆ.

ಆದರೆ ಬದಲಾಗದಿರುವುದು ಬೇರೆ, ಸ್ಥಿರವಾಗಿರುವುದು ಬೇರೆ. ಹೊಸ ಸೌಲಭ್ಯಗಳ ಸೇರ್ಪಡೆ ನಿಂತು, ದೋಷಗಳ ದುರಸ್ತಿ ಮುಂದುವರಿದಿರುವ ಆವೃತ್ತಿಯನ್ನು ಲಿನಕ್ಸ್‌ನ ಡೆಬಿಯನ್ ಬಳಗ ‘ಸ್ಥಿರ’ ಎನ್ನುತ್ತದೆ. ನಮಗೂ ಅದೇ ಅರ್ಥ ಸಾಕು. ಎಕ್ಸ್‌ಪಿಗೆ ಸಾಮಾನ್ಯ ದುರಸ್ತಿ ನಿಂತದ್ದು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ದುರಸ್ತಿ ದೊರೆತರೂ ಹಾಕಿಕೊಳ್ಳದವರ ಪಾಡು 2017ರ ಮೇ ತಿಂಗಳಲ್ಲಿ ಗೊತ್ತಾಯಿತು: ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ವಾನಾಕ್ರೈ ದಾಳಿಗೆ ಹೆಚ್ಚಾಗಿ ಸಿಕ್ಕಿದ್ದು ವಿಂಡೋಸ್ 7 ಗಣಕಗಳು, ಮದ್ದು ಮಾರ್ಚ್‌ನಲ್ಲೇ ಬಂದಿತ್ತು. 2023ರಲ್ಲಿ ಕ್ರೋಮ್ ಕೂಡ ವಿಂಡೋಸ್ 7ರ ಕೈಬಿಟ್ಟಿತು. ಅಮರಗೋಳದ ಎಪಿಎಂಸಿಯಲ್ಲಿ ಕೂತು ಜಾಲದ ಮೂಲಕ ಜಿಎಸ್‌ಟಿ ಲೆಕ್ಕ ಸಲ್ಲಿಸುವ ವರ್ತಕನಿಗೆ ವೈರಸ್‌ಗಿಂತ ಮೊದಲು ತಟ್ಟುವುದು ಇದೇ.

ಲೆಕ್ಕಪತ್ರದ ಟ್ಯಾಲಿ ವಿಂಡೋಸ್‌ಗಾಗಿ ಕಟ್ಟಿದ ತಂತ್ರಾಂಶವಾದ್ದರಿಂದ ಆ ವರ್ತಕನಿಗೆ ವಿಂಡೋಸ್ 11 ಬಿಟ್ಟು ಹೆಚ್ಚು ದಾರಿಯಿಲ್ಲ. ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳದೆ ಕೆಲವು ತಿಂಗಳು ಕಾದರೆ ನಷ್ಟವಿಲ್ಲ, ಹೋಮ್ ಮತ್ತು ಪ್ರೊಗಳ ಪ್ರತಿ ಆವೃತ್ತಿಗೂ 24 ತಿಂಗಳ ದುರಸ್ತಿಯಿದೆ. ವಿಂಡೋಸ್ 11 ಕೇಳುವ ಭದ್ರತಾ ಚಿಪ್ಪು ಟಿಪಿಎಂ 2.0 ಇಲ್ಲದ ಮನೆಯ ಗಣಕಕ್ಕೆ ಐದು ವರ್ಷ ದುರಸ್ತಿ ಸಿಗುವ, ಲಿನಕ್ಸ್‌ನ ಉಬುಂಟು ಎಲ್‌ಟಿಎಸ್ ಸಾಕು. ಯುನಿಕೋಡ್ ಕನ್ನಡ ಅಲ್ಲಿ ಸರಾಗ.

ಡಿಟಿಪಿ ಅಂಗಡಿಯವರು ಹಳೆಯ ಗಣಕವನ್ನು ಎಸೆಯಬೇಕಿಲ್ಲ. ಅಂತರಜಾಲದ ವೈರು ಕಿತ್ತು ಹಳೆಯ ಕಡತಗಳಿಗಷ್ಟೇ ಇಟ್ಟುಕೊಳ್ಳಲಿ, ಹೊಸ ಕೆಲಸ ಯುನಿಕೋಡ್‌ನಲ್ಲೇ ನಡೆಯಲಿ. ಆ ಗಣಕ ಕೆಡುವ ಮುನ್ನ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ ಮತ್ತೊಮ್ಮೆ ಕರಡು ತಿದ್ದಿಸುವ ಖರ್ಚನ್ನು ಪ್ರಕಾಶಕರು ಹೊರಬೇಕು. ಏಕೆಂದರೆ ಪರಿವರ್ತಕಗಳು ಅರ್ಕಾವತ್ತಿನಲ್ಲಿ ಎಡವುವುದುಂಟು.