ಜರಡಿ ಚೆನ್ನಾಗಿದ್ದರೆ ಸಾಲದು, ಕಾಳೂ ಬೀಳಬೇಕು

ನಮ್ಮ ತೋಟದ ಮನೆಯಲ್ಲಿರೋ ಹಳೇ ಎಫ್‌ಎಂ ಟ್ಯೂನರ್ ನೋಡಿದವರೆಲ್ಲ ಕೇಳೋದು ಒಂದೇ: "ಇದಕ್ಕೆ ಸ್ಪೀಕರ್ರೇ ಇಲ್ವಲ್ಲ?" ಇಲ್ಲ. ಟ್ಯೂನರ್ ಅಂದ್ರೆ ಜರಡಿ. ಗಾಳಿಯಲ್ಲಿ ಬರೋ ಹತ್ತಾರು ಸ್ಟೇಷನ್ನುಗಳಲ್ಲಿ ಒಂದನ್ನು ಮಾತ್ರ ಸೋಸಿ ಆಂಪ್ಲಿಫೈಯರಿಗೆ ಕೊಡುತ್ತೆ, ಅಷ್ಟೆ. ಇದರ ಚರಿತ್ರೆ ಕೇಳಿದರೆ, ಜರಡಿ ಮಾಡಿದವರಿಗಿಂತ ಕಾಳು ಸುರಿಯೋರ ಕೈಯೇ ಮೇಲು ಅನ್ನೋದು ಗೊತ್ತಾಗುತ್ತೆ.

ಗುಡುಗು-ಮಿಂಚಿನ ದಿನ ಮೀಡಿಯಂ ವೇವ್ ರೇಡಿಯೋ ಕರಕರ ಅನ್ನೋದು ನಮಗೆಲ್ಲ ಗೊತ್ತು. ಅಲ್ಲಿ ಸದ್ದು ಇರೋದು ಅಲೆಯ ಏರಿಳಿತದ ಎತ್ತರದಲ್ಲಿ. ಮಿಂಚು ಕೆಡಿಸೋದೂ ಅದನ್ನೇ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎತ್ತರದ ಗೊಡವೆ ಬಿಟ್ಟು, ಅಲೆಯ ಕಂಪನದ ವೇಗವನ್ನೇ ಹೆಚ್ಚು-ಕಡಿಮೆ ಮಾಡಿ ಸದ್ದು ಕಳಿಸಿದರು. 1933ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ಎಫ್‌ಎಂ.

ಶುರುವಲ್ಲಿ ಎಫ್‌ಎಂ ಇದ್ದದ್ದು 42ರಿಂದ 50 ಮೆಗಾಹರ್ಟ್ಸ್‌ನಲ್ಲಿ. 1945ರಲ್ಲಿ ಅಲ್ಲಿನ ಸರ್ಕಾರ ಅದನ್ನು ಎತ್ತಿ ಈಗಿನ 88–108ರ ಜಾಗಕ್ಕೆ ಹಾಕಿತು. ಜನ ದುಡ್ಡು ಕೊಟ್ಟು ತಂದಿದ್ದ ಲಕ್ಷಗಟ್ಟಲೆ ಸೆಟ್ಟುಗಳು ಕೆಡದೇ ಮೂಕವಾದವು. ಮೇಲಿಂದ ಆರ್‌ಸಿಎ ಕಂಪನಿ ಜೊತೆ ಪೇಟೆಂಟ್ ಕೇಸು. ಸೋತು ಸುಣ್ಣವಾದ ಆರ್ಮ್‌ಸ್ಟ್ರಾಂಗ್ 1954ರ ಜನವರಿ 31ರಂದು ಪ್ರಾಣ ಕಳ್ಕೊಂಡರು. ಹೆಂಡತಿ ಮೇರಿಯನ್ ಬಿಡಲಿಲ್ಲ. ಒಂದೊಂದೇ ಕಂಪನಿ ಜೊತೆಗಿನ ಕೇಸು ಮುಗಿಸುತ್ತಾ ಬಂದರು. ಕೊನೆಯದನ್ನು ಗೆದ್ದದ್ದು 1967ರಲ್ಲಿ.

1961ರಲ್ಲಿ ಅಮೆರಿಕದಲ್ಲಿ ಸ್ಟೀರಿಯೋ ಪ್ರಸಾರ ಶುರುವಾದ ಮೇಲೆ ಟ್ಯೂನರಿಗೆ ರಾಜಯೋಗ. ಮಾರಂಟ್ಜ್ 10ಬಿ ಅಂತ ಒಂದು ಬಂತು. ಸ್ಟೇಷನ್ ಸರಿಯಾಗಿ ಕೂತಿದೆಯಾ ಅಂತ ನೋಡೋಕೆ ಅದರ ಮುಖದಲ್ಲೇ ಪುಟ್ಟ ಆಸಿಲೋಸ್ಕೋಪ್ ಪರದೆ! 1970ರ ದಶಕದಲ್ಲಿ ಜಪಾನಿನ ಪಯೋನಿಯರ್, ಕೆನ್‌ವುಡ್, ಸ್ಯಾನ್ಸುಯಿ ಪೈಪೋಟಿಗೆ ಬಿದ್ದವು. ಇವತ್ತು ಸಂಗ್ರಹಕಾರರು ಹುಡುಕೋದು ಹೆಚ್ಚಾಗಿ ಆ ಕಾಲದ ಸರಕನ್ನೇ.

ಆಗ ನಮ್ಮ ಹಳ್ಳಿಗಳಲ್ಲಿ ಇದ್ದದ್ದು ಮೀಡಿಯಂ ವೇವ್, ಶಾರ್ಟ್ ವೇವ್. ಆಕಾಶವಾಣಿಯ ಎಫ್‌ಎಂ ಮದ್ರಾಸಿಗೆ ಬಂದದ್ದೇ 1977ರಲ್ಲಿ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಬೆಂಗಳೂರಲ್ಲಿ ಶುರುವಾಯ್ತು. ಅಂದ್ರೆ ಜರಡಿ ಹಳೇದಾದ ಮೇಲೆ ನಮ್ಮ ಕಡೆ ಕಾಳು ಬಿತ್ತು.

ಕೊಳ್ಳೋರಿಗೆ ಎರಡು ಮಾತು. ಜಪಾನಿನವರು ತಮ್ಮೂರಿಗೇ ಅಂತ ಮಾಡಿದ ಹಳೇ ಟ್ಯೂನರು 76ರಿಂದ 90ರವರೆಗೆ ಮಾತ್ರ ಹಿಡಿಯುತ್ತೆ, 100 ವೋಲ್ಟಲ್ಲಿ ಓಡುತ್ತೆ. ಡಯಲ್ ಮತ್ತು ಹಿಂದಿನ ತಗಡು ಓದದೇ ದುಡ್ಡು ಬಿಚ್ಚಬೇಡಿ. ಇನ್ನು ಆಂಟೆನಾಗೆ ಖರ್ಚೇ ಬೇಡ: ಮುಕ್ಕಾಲು ಮೀಟರಿನ ಎರಡು ತಂತಿ, ಎಡಕ್ಕೊಂದು ಬಲಕ್ಕೊಂದು, ಎತ್ತರದಲ್ಲಿ ಕಟ್ಟಿ. ಗುಡ್ಡ ಅಡ್ಡ ಇದ್ದರೆ ಮಾತ್ರ ಎಂಥಾ ಟ್ಯೂನರೂ ಒದ್ದಾಡುತ್ತೆ.

1945ರಿಂದ ಆ 88–108ರ ಜಾಗ ಕದಲಿಲ್ಲ. ಅದಕ್ಕೇ 50–60 ವರ್ಷದ ಪೆಟ್ಟಿಗೆ ಇವತ್ತೂ ಹಾಡುತ್ತೆ. ಆದರೆ ನಾರ್ವೆ 2017ರಲ್ಲಿ ರಾಷ್ಟ್ರೀಯ ಸ್ಟೇಷನ್ನುಗಳ ಎಫ್‌ಎಂ ನಿಲ್ಲಿಸಿ ಡಿಜಿಟಲ್‌ಗೆ ಹೋಯ್ತು. ಅಲ್ಲಿ ಈಗ ಎಫ್‌ಎಂನಲ್ಲಿ ಉಳಿದಿರೋದು ಸಣ್ಣಪುಟ್ಟ ಸ್ಥಳೀಯ ಸ್ಟೇಷನ್ನುಗಳು. ಟ್ಯೂನರ್ ಉಳಿಸೋದು ಅಂದ್ರೆ ಕೆಪಾಸಿಟರ್ ಬದಲಿಸೋದು ಅಷ್ಟೇ ಅಲ್ಲ. ನಿಮ್ಮೂರಿಗೆ ಬರೋ ಸ್ಟೇಷನ್ ಯಾವುದಿದೆಯೋ ಅದನ್ನು ಕೇಳಿ, ಒಂದು ಕಾಗದ ಬರೆಯಿರಿ. ಕೇಳೋರಿದ್ದಾರೆ ಅಂತ ಅವರಿಗೂ ಗೊತ್ತಾಗಲಿ.