ಪ್ರಶ್ನೆಯನ್ನು ಹಾಡಾಗಿಸಿದ ಕವಿ: ಇ. ವೈ. ಹಾರ್ಬರ್ಗ್

ಜನಪ್ರಿಯ ಗೀತೆಯೊಂದು ಕಿವಿಗೆ ಬಿದ್ದಾಗ ಕೇಳುಗನಿಗೆ ಮೊದಲು ನೆನಪಾಗುವುದು ಹಾಡಿದವರ ಹೆಸರು. ಅನಂತರ ರಾಗ ಸಂಯೋಜಿಸಿದವರದು. ಮಾತು ಕಟ್ಟಿದವನ ಹೆಸರು ಬಹುಮಟ್ಟಿಗೆ ಮರೆಯಲ್ಲೇ ಉಳಿಯುತ್ತದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಿಂದಲೂ ಹಾಲಿವುಡ್ಡಿನ ಚಿತ್ರಗಳಿಂದಲೂ ಹೊರಟು ಲೋಕವನ್ನೆಲ್ಲ ಸುತ್ತಿದ ಹಾಡುಗಳ ವಿಷಯದಲ್ಲಿಯೂ ಈ ಮಾತು ಸತ್ಯ. ಅಂಥ ಎರಡು ಹಾಡುಗಳನ್ನು ಬರೆದವನು ಇ. ವೈ. ಹಾರ್ಬರ್ಗ್ (1896–1981). 'ಬ್ರದರ್, ಕ್ಯಾನ್ ಯು ಸ್ಪೇರ್ ಎ ಡೈಮ್?' ಎಂಬ ಗೀತೆ 1932ರ ಆರ್ಥಿಕ ಮಹಾಕುಸಿತದ ದನಿಯಾಯಿತು. 'ಓವರ್ ದಿ ರೈನ್‌ಬೋ' 1939ರಿಂದ ಇಂದಿನವರೆಗೂ ಕನಸಿನ ಹಾಡಾಗಿ ಉಳಿದಿದೆ. ಒಂದು ಬೀದಿಯಲ್ಲಿ ಕೈಚಾಚಿ ನಿಂತ ಕಾರ್ಮಿಕನದು, ಇನ್ನೊಂದು ಹಳ್ಳಿಯ ಹುಡುಗಿಯದು. ಮೇಲುನೋಟಕ್ಕೆ ಇವುಗಳ ನಡುವೆ ಯಾವ ಸಂಬಂಧವೂ ಕಾಣದು. ಆದರೆ ಎರಡೂ ಮುಗಿಯುವುದು ಪ್ರಶ್ನೆಯಲ್ಲಿ. ಈ ಸಾಮ್ಯ ಆಕಸ್ಮಿಕವಲ್ಲ. ಹಾರ್ಬರ್ಗ್‌ನ ಬದುಕು ಮತ್ತು ಕಲೆ ಎರಡರ ಗುಟ್ಟೂ ಇದರಲ್ಲಿದೆ.

ಹಾರ್ಬರ್ಗ್‌ನ ಮೂಲ ಹೆಸರು ಇಸಿಡೋರ್ ಹಾಕ್‌ಬರ್ಗ್. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ವಲಸಿಗರ ಕೇರಿಯಲ್ಲಿ 1896ರ ಏಪ್ರಿಲ್ 8ರಂದು ಅವನ ಜನನ. ತಂದೆತಾಯಿಗಳು ರಷ್ಯಾದಿಂದ ವಲಸೆ ಬಂದು ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಯೆಹೂದಿಗಳು. ಮನೆಮಾತು ಯಿಡ್ಡಿಷ್. 'ಯಿಪ್' ಎಂಬ ಅಡ್ಡಹೆಸರೇ ಕೊನೆಯವರೆಗೂ ಗೆಳೆಯರ ಬಾಯಲ್ಲಿ ಉಳಿಯಿತು. ಬಾಲ್ಯದಲ್ಲಿ ಸಂಜೆಯ ಹೊತ್ತು ಬೀದಿದೀಪಗಳನ್ನು ಹಚ್ಚುವ ಕೆಲಸವನ್ನೂ ಅವನು ಮಾಡಿದ್ದುಂಟು. ಬಡತನವನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯ ಅವನಿಗೆ ಬರಲಿಲ್ಲ.

ಟೌನ್‌ಸೆಂಡ್ ಹ್ಯಾರಿಸ್ ಪ್ರೌಢಶಾಲೆಯಲ್ಲಿ ಹೆಸರಿನ ಅಕ್ಷರಾನುಕ್ರಮದಲ್ಲಿ ವಿದ್ಯಾರ್ಥಿಗಳನ್ನು ಕೂರಿಸುತ್ತಿದ್ದರು. ಅದರಿಂದಾಗಿ ಹಾರ್ಬರ್ಗ್‌ನ ಪಕ್ಕದಲ್ಲಿ ಕುಳಿತವನು, ಮುಂದೆ ತಾನೂ ದೊಡ್ಡ ಗೀತಕಾರನಾದ ಐರಾ ಗರ್ಶ್ವಿನ್. ಡಬ್ಲ್ಯು. ಎಸ್. ಗಿಲ್ಬರ್ಟ್‌ನ ಹಾಸ್ಯ ಪದ್ಯಗಳನ್ನು ಹಾರ್ಬರ್ಗ್ ಓದಿ ಮೆಚ್ಚಿದ್ದನು. ಗಿಲ್ಬರ್ಟ್‌ನ ಪದ್ಯಗಳಿಗೆ ಸಲಿವನ್‌ನ ಸಂಗೀತವೂ ಉಂಟೆಂಬುದು ಅವನಿಗೆ ತಿಳಿದದ್ದು ಐರಾನ ಮನೆಯಲ್ಲಿ ಗ್ರಾಮಫೋನ್ ತಟ್ಟೆ ತಿರುಗಿದಾಗ. ಪದ್ಯ ಓದುವುದಕ್ಕಷ್ಟೇ ಅಲ್ಲ, ಹಾಡುವುದಕ್ಕೂ ಹುಟ್ಟಬಲ್ಲದು ಎಂಬ ಅರಿವು ಅಲ್ಲಿಂದ ಮೂಡಿತು. ಆದರೂ ಅವನು ಆರಿಸಿಕೊಂಡದ್ದು ವ್ಯಾಪಾರದ ದಾರಿ. ಮೊದಲ ಮಹಾಯುದ್ಧದ ಕಾಲದಲ್ಲಿ ಕೆಲವು ವರ್ಷ ಉರುಗ್ವೆಯಲ್ಲಿ ದುಡಿದು ಮರಳಿದ ಬಳಿಕ ವಿದ್ಯುತ್ ಉಪಕರಣಗಳ ಸಂಸ್ಥೆಯೊಂದರಲ್ಲಿ ಪಾಲುದಾರನಾದನು. 1929ರ ಷೇರುಪೇಟೆಯ ಕುಸಿತದೊಡನೆ ಆ ಸಂಸ್ಥೆಯೂ ಮುಳುಗಿತು. ಮೂವತ್ತಮೂರರ ವಯಸ್ಸಿನಲ್ಲಿ ಕೈಯಲ್ಲಿ ಉಳಿದದ್ದು ಸಾಲ ಮತ್ತು ಪೆನ್ಸಿಲ್. ಐರಾ ಅವನನ್ನು ಜೇ ಗಾರ್ನಿ ಎಂಬ ಸಂಗೀತ ಸಂಯೋಜಕನಿಗೆ ಪರಿಚಯಿಸಿದನು.

ಈ ಗೀತಕಾರನ ಕೆಲಸದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಆ ಕಾಲದ ಅಮೆರಿಕನ್ ಗೀತೆಗಳಲ್ಲಿ ಧಾಟಿ ಮೊದಲು, ಮಾತು ಅನಂತರ ಎಂಬ ಕ್ರಮವೇ ಹೆಚ್ಚು ರೂಢಿಯಲ್ಲಿತ್ತು. ಎಂಟೆಂಟು ಆವರ್ತಗಳ ನಾಲ್ಕು ಖಂಡಗಳು; ಮೊದಲ, ಎರಡನೆಯ, ನಾಲ್ಕನೆಯ ಖಂಡಗಳಿಗೆ ಒಂದೇ ಧಾಟಿ, ಮೂರನೆಯದಕ್ಕೆ ಬೇರೆ. ಒಟ್ಟು ಮೂವತ್ತೆರಡು ಆವರ್ತಗಳ ಈ ಚೌಕಟ್ಟಿನೊಳಗೆ ಕವಿ ತನ್ನ ಮಾತನ್ನೆಲ್ಲ ಹೇಳಿ ಮುಗಿಸಬೇಕು. ನಮ್ಮ ಛಂದಸ್ಸಿನಲ್ಲಿ ಗುರು-ಲಘುಗಳ ಲೆಕ್ಕವಿದ್ದಂತೆ ಇಂಗ್ಲಿಷ್ ಗೀತೆಯಲ್ಲಿ ಉಚ್ಚಾರದ ಒತ್ತಿನ ಲೆಕ್ಕ. ಒತ್ತು ಬೀಳುವ ಅಕ್ಷರ ತಾಳದ ಪೆಟ್ಟಿಗೆ ಸರಿಯಾಗಿ ಕೂಡದಿದ್ದರೆ ಪದದ ಅರ್ಥವೇ ಕೆಡುತ್ತದೆ. ಕನ್ನಡ ಕಾವ್ಯದ ವಿದ್ಯಾರ್ಥಿಗಳಿಗೆ ಪ್ರಾಸವೆಂದೊಡನೆ ನೆನಪಾಗುವುದು ಪಾದದ ಎರಡನೆಯ ಅಕ್ಷರದಲ್ಲಿ ಬರುವ ಆದಿಪ್ರಾಸ. ಅದು ಸಾಲಿನ ಹೊಸ್ತಿಲಲ್ಲೇ ಎದುರಾಗುತ್ತದೆ. ಇಂಗ್ಲಿಷ್ ಗೀತೆಯ ಅಂತ್ಯಪ್ರಾಸವಾದರೋ ಕೇಳುಗನನ್ನು ಸಾಲಿನ ಕೊನೆಯವರೆಗೂ ಕಾಯಿಸುತ್ತದೆ. ನಗೆಯಾಗಲಿ ಆಘಾತವಾಗಲಿ ಅಡಗಿರುವುದು ಆ ಕಾಯುವಿಕೆಯಲ್ಲಿ. ಗಿಲ್ಬರ್ಟ್‌ನಿಂದ ಹಾರ್ಬರ್ಗ್ ಕಲಿತ ವಿದ್ಯೆ ಇದೇ.

1932ರಲ್ಲಿ 'ಅಮೆರಿಕಾನಾ' ಎಂಬ ರಂಗಪ್ರದರ್ಶನಕ್ಕೆ ಹಾಡೊಂದು ಬೇಕಾಗಿತ್ತು. ಗಾರ್ನಿಯ ಬಳಿ ಒಂದು ಧಾಟಿಯಿತ್ತು. ಅದರ ಮೂಲ ಅವನು ಬಾಲ್ಯದಲ್ಲಿ ಕೇಳಿದ್ದ ಜೋಗುಳ. ನ್ಯೂಯಾರ್ಕಿನ ಬೀದಿಗಳಲ್ಲಿ ಆಗ ಉಚಿತ ರೊಟ್ಟಿಗಾಗಿ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಅದೇ ವರ್ಷದ ಜುಲೈ ತಿಂಗಳಲ್ಲಿ, ಸರಕಾರ ಮಾತುಕೊಟ್ಟಿದ್ದ ಹಣವನ್ನು ಕೇಳಲು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟಿದ್ದ ಮಹಾಯುದ್ಧದ ಮಾಜಿ ಸೈನಿಕರನ್ನು ಸೇನೆಯೇ ಚದುರಿಸಿತ್ತು. ಡೈಮ್ ಎಂದರೆ ಹತ್ತು ಸೆಂಟಿನ ನಾಣ್ಯ. ಅದನ್ನು ಬೇಡುವ ಮಾತು ನಗರದ ಮೂಲೆಮೂಲೆಯಲ್ಲಿ ಕೇಳಿಬರುತ್ತಿತ್ತು. ಹಾರ್ಬರ್ಗ್ ಅದನ್ನೇ ಪಲ್ಲವಿಯಾಗಿಸಿದನು.

ಇಂಥ ವಸ್ತು ಸಾಧಾರಣ ಕವಿಯ ಕೈಗೆ ಸಿಕ್ಕಿದ್ದರೆ ಕಣ್ಣೀರಿನ ಹಾಡಾಗುತ್ತಿತ್ತು, ಇಲ್ಲವೆ ಘೋಷಣೆಯಾಗುತ್ತಿತ್ತು. ಹಾರ್ಬರ್ಗ್ ಎರಡನ್ನೂ ತೊರೆದನು. ಅವನ ಹಾಡಿನ ವ್ಯಕ್ತಿ ರೈಲುದಾರಿ ಹಾಕಿದವನು, ಗಗನಚುಂಬಿ ಗೋಪುರ ಕಟ್ಟಿದವನು, ಯುದ್ಧದಲ್ಲಿ ಹೋರಾಡಿದವನು. ಅವನು ತನ್ನ ದುಡಿಮೆಯ ಪಟ್ಟಿಯನ್ನು ಮುಂದಿಟ್ಟು, ನನ್ನ ಪಾಲು ಎಲ್ಲಿ ಎಂದು ಕೇಳುತ್ತಾನೆ. ಆ ವ್ಯಕ್ತಿಯಲ್ಲಿ ಕಹಿಯಿಲ್ಲ, ದಿಗ್ಭ್ರಮೆಯಿದೆ ಎಂದು ಹಾರ್ಬರ್ಗ್ ಮುಂದೊಮ್ಮೆ ವಿವರಿಸಿದ್ದುಂಟು. ಸಂಬೋಧನೆಯ ಸೂಕ್ಷ್ಮವೂ ಗಮನಾರ್ಹ: ಅಪರಿಚಿತನನ್ನು ಮೊದಲು 'ಸೋದರ' ಎನ್ನುವವನು ಕೊನೆಯಲ್ಲಿ 'ಗೆಳೆಯ' ಎನ್ನುತ್ತಾನೆ, ತನ್ನ ಹೆಸರನ್ನೂ ನೆನಪಿಸುತ್ತಾನೆ. ಹೀಗೆ ಕೊಡುವವನೂ ಕೇಳುವವನೂ ಒಂದು ಕಾಲಕ್ಕೆ ಹೆಗಲಿಗೆ ಹೆಗಲು ಕೊಟ್ಟು ನಡೆದವರು ಎಂಬುದು ಧ್ವನಿತವಾಗುತ್ತದೆ. ಭಿಕ್ಷೆಯ ಮಾತು ಲೆಕ್ಕ ಕೇಳುವ ಮಾತಾಗಿ ಮಾರ್ಪಡುವುದು ಹೀಗೆ. ಬಿಂಗ್ ಕ್ರಾಸ್ಬಿ ಮತ್ತು ರೂಡಿ ವ್ಯಾಲಿ ಅದೇ ವರ್ಷ ಧ್ವನಿಮುದ್ರಿಸಿದ ಮೇಲೆ ಹಾಡು ದೇಶವನ್ನೆಲ್ಲ ಮುಟ್ಟಿತು.

ಏಳು ವರ್ಷಗಳ ಬಳಿಕ ಬಂದ 'ದಿ ವಿಝರ್ಡ್ ಆಫ್ ಆಝ್' ಚಿತ್ರಕ್ಕೆ ಹೆರಾಲ್ಡ್ ಆರ್ಲೆನ್‌ನ ಸಂಗೀತ, ಹಾರ್ಬರ್ಗ್‌ನ ಸಾಹಿತ್ಯ. ಎಲ್. ಫ್ರಾಂಕ್ ಬಾಮ್‌ನ 1900ರ ಮೂಲ ಕಥೆಯಲ್ಲಿ ಕ್ಯಾನ್ಸಸ್ ಪ್ರಾಂತ್ಯ ಬೂದುಬಣ್ಣದ ಒಣ ಬಯಲು; ಕಾಮನಬಿಲ್ಲಿನ ಕಲ್ಪನೆ ಅಲ್ಲಿಲ್ಲ. ಅಂಥ ನೆಲದಲ್ಲಿ ಬೆಳೆದ ಹುಡುಗಿಗೆ ಕಾಣಸಿಗುವ ಬಣ್ಣವೆಂದರೆ ಕಾಮನಬಿಲ್ಲೊಂದೇ ಎಂದು ಹಾರ್ಬರ್ಗ್ ತರ್ಕಿಸಿದನು. ಆರ್ಲೆನ್‌ನ ಧಾಟಿಯ ಮೊದಲ ಎರಡು ಸ್ವರಗಳ ನಡುವೆ ಒಂದು ಸ್ಥಾಯಿಯಷ್ಟು ಜಿಗಿತವಿದೆ. ಪುಟ್ಟ ಹುಡುಗಿಯ ಬಾಯಿಗೆ ಇದು ಅತಿ ಗಂಭೀರವಾಯಿತೆಂದು ಹಾರ್ಬರ್ಗ್ ಮೊದಲು ಹಿಂಜರಿದನು. ಐರಾ ಗರ್ಶ್ವಿನ್‌ನ ಅಭಿಪ್ರಾಯ ಕೇಳಿ, ನಡೆಯನ್ನು ಸರಳಗೊಳಿಸಿದ ಮೇಲೆಯೇ ಒಪ್ಪಿದನು. ಆ ಜಿಗಿತಕ್ಕೆ ಅವನು ಹೊಂದಿಸಿದ್ದು 'ಎಲ್ಲೋ' ಎಂಬರ್ಥದ ಎರಡು ಉಚ್ಚಾರಾಂಶಗಳ ಸಾದಾ ಪದ. ಮೊದಲ ಅಂಶ ನೆಲದಲ್ಲಿದ್ದರೆ ಎರಡನೆಯದು ಮುಗಿಲಿನಲ್ಲಿದೆ. ಹುಡುಗಿಯ ಹಂಬಲ ವಾಕ್ಯ ಮುಗಿಯುವ ಮೊದಲೇ ಕೇಳುಗನನ್ನು ತಲುಪುತ್ತದೆ. ಮಾತು ವಿಚಾರವನ್ನೂ ಸಂಗೀತ ಭಾವವನ್ನೂ ಕೊಡುತ್ತವೆ, ಹಾಡು ವಿಚಾರವನ್ನೇ ಭಾವವಾಗಿಸುತ್ತದೆ ಎಂಬುದು ಹಾರ್ಬರ್ಗ್‌ನ ನಿಲುವು. ಅದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಈ ಹಾಡೂ ಕೊನೆಗೊಳ್ಳುವುದು ಪ್ರಶ್ನೆಯಿಂದಲೇ: ಹಕ್ಕಿಗಳಿಗೆ ಸಾಧ್ಯವಾದದ್ದು ತನಗೇಕೆ ಆಗದು ಎಂಬುದು ಆ ಹುಡುಗಿಯ ಅಳಲು. ಪೂರ್ವಪ್ರದರ್ಶನದ ಹಂತದಲ್ಲಿ ಕತ್ತರಿಗೆ ಸಿಲುಕಿ ಮತ್ತೆ ಸೇರಿದ ಈ ಗೀತೆ, ಆ ವರ್ಷದ ಅತ್ಯುತ್ತಮ ಚಿತ್ರಗೀತೆಯೆಂದು ಅಕಾಡೆಮಿ ಪ್ರಶಸ್ತಿ ಪಡೆಯಿತು.

ಯಶಸ್ಸು ಅವನ ಪ್ರಶ್ನೆಗಳನ್ನು ಮೊಂಡಾಗಿಸಲಿಲ್ಲ. 1944ರ 'ಬ್ಲೂಮರ್ ಗರ್ಲ್' ನಾಟಕದ ವಸ್ತು ಸ್ತ್ರೀಯರ ಹಕ್ಕು ಮತ್ತು ಗುಲಾಮಗಿರಿಯ ವಿರೋಧ. 1947ರ ಜನವರಿಯಲ್ಲಿ ತೆರೆಕಂಡ 'ಫಿನಿಯನ್ಸ್ ರೈನ್‌ಬೋ' ಇನ್ನೂ ದಿಟ್ಟವಾದುದು. ಫ್ರೆಡ್ ಸೈಡಿಯೊಡನೆ ಹಾರ್ಬರ್ಗ್ ಬರೆದ ಈ ಕಥೆಯಲ್ಲಿ ವರ್ಣದ್ವೇಷಿ ಸೆನೆಟರ್ ಒಬ್ಬನು ಮಾಯೆಯಿಂದ ಕರಿಯನಾಗಿ, ತಾನೇ ಎತ್ತಿಹಿಡಿದಿದ್ದ ಕಾನೂನಿನ ರುಚಿ ಕಾಣುತ್ತಾನೆ. ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದ ಕಾನೂನಾಗಿಯೇ ಜಾರಿಯಲ್ಲಿದ್ದ ದಿನಗಳಲ್ಲಿ ಬಿಳಿಯರೂ ಕರಿಯರೂ ಒಂದೇ ಮೇಳದಲ್ಲಿ ಕುಣಿದ ಆ ನಾಟಕ 725 ಪ್ರದರ್ಶನಗಳನ್ನು ಕಂಡಿತು. ಬರ್ಟನ್ ಲೇನ್ ಸಂಗೀತ ನೀಡಿದ ಇದರ ಅತಿ ಪ್ರಸಿದ್ಧ ಗೀತೆ ತೊರೆದುಬಂದ ಊರಿನ ಕುಶಲವನ್ನು ವಿಚಾರಿಸುವ ಹಾಡು. ಅದರ ಶೀರ್ಷಿಕೆಯೂ ಪ್ರಶ್ನಾರ್ಥಕವೇ.

ಪ್ರಶ್ನೆ ಕೇಳುವವನನ್ನು ಅಧಿಕಾರ ಸಹಿಸುವುದಿಲ್ಲ. ಕಮ್ಯುನಿಸ್ಟರೆಂದು ಶಂಕಿಸಿ ಬರಹಗಾರರನ್ನೂ ಕಲಾವಿದರನ್ನೂ ಬೇಟೆಯಾಡಿದ ಕಾಲವದು. 1950ರ ಜೂನ್‌ನಲ್ಲಿ 'ರೆಡ್ ಚಾನೆಲ್ಸ್' ಎಂಬ ಹೊತ್ತಗೆ 151 ಮಂದಿಯ ಹೆಸರುಗಳನ್ನು ಪ್ರಕಟಿಸಿತು; ಹಾರ್ಬರ್ಗ್ ಅವರಲ್ಲೊಬ್ಬ. ಅವನು ಸಮಾಜವಾದದ ಒಲವುಳ್ಳವನೇ ಹೊರತು ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿರಲಿಲ್ಲ. ಆದರೂ ಚಲನಚಿತ್ರ, ರೇಡಿಯೊ, ಟೆಲಿವಿಷನ್ ಮೂರರ ಬಾಗಿಲುಗಳೂ ಸುಮಾರು ಹನ್ನೆರಡು ವರ್ಷ ಅವನಿಗೆ ಮುಚ್ಚಿದವು. ತೆರೆದಿದ್ದುದು ರಂಗಭೂಮಿ ಮಾತ್ರ. ಅಲ್ಲಿಯೂ 1951ರ 'ಫ್ಲಹೂಲಿ' ಬೇಗನೆ ಮುಚ್ಚಿತು. 1957ರಲ್ಲಿ ಲೀನಾ ಹಾರ್ನ್ ನಟಿಸಿದ 'ಜಮೈಕಾ' ಗೆದ್ದಿತು.

ಈ ನಿಷೇಧದ ನಡುವೆಯೇ ಒಂದು ವಿಪರ್ಯಾಸ ನಡೆಯಿತು. 1956ರ ನವೆಂಬರ್ 3ರಂದು 'ದಿ ವಿಝರ್ಡ್ ಆಫ್ ಆಝ್' ಮೊದಲ ಬಾರಿಗೆ ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. 1959ರಿಂದ ಅದು ವರ್ಷವರ್ಷವೂ ಬರುವ ಹಬ್ಬದಂತಾಯಿತು. ಯಾವ ಮಾಧ್ಯಮ ಹಾರ್ಬರ್ಗ್‌ನಿಗೆ ಕೆಲಸ ಕೊಡಲು ಒಪ್ಪಲಿಲ್ಲವೋ ಅದೇ ಮಾಧ್ಯಮ ಅವನ ಮಾತುಗಳನ್ನು ಲಕ್ಷಾಂತರ ಮನೆಗಳಿಗೆ ತಲುಪಿಸುತ್ತಿತ್ತು. ಹಾಡು ಒಳಗೆ, ಹಾಡು ಕಟ್ಟಿದವನು ಹೊರಗೆ. ಗೀತಕಾರನ ಹೆಸರು ಮರೆಯಲ್ಲಿರುವುದು ಸಾಮಾನ್ಯವಾಗಿ ಕೇಳುಗರ ಅಲಕ್ಷ್ಯದಿಂದ. ಇಲ್ಲಿ ಅದು ಉದ್ದೇಶಪೂರ್ವಕ ಶಿಕ್ಷೆಯಾಗಿತ್ತು.

1962ರಲ್ಲಿ ಆರ್ಲೆನ್‌ನೊಡನೆ 'ಗೇ ಪರ್‌-ಈ' ಎಂಬ ವ್ಯಂಗ್ಯಚಲನಚಿತ್ರಕ್ಕೆ ಹಾಡು ಬರೆಯುವುದರೊಂದಿಗೆ ಹಾರ್ಬರ್ಗ್ ಚಿತ್ರರಂಗಕ್ಕೆ ಮರಳಿದನು. ಆಗ ಅವನಿಗೆ ಅರವತ್ತಾರು. ಕಳೆದುಹೋದ ವರ್ಷಗಳನ್ನು ಯಾರೂ ತುಂಬಿಕೊಡಲಿಲ್ಲ. ಲಘು ವಿಡಂಬನೆಯ ಎರಡು ಪದ್ಯಸಂಕಲನಗಳನ್ನು ಅನಂತರ ಪ್ರಕಟಿಸಿದ ಅವನು 1981ರ ಮಾರ್ಚ್ 5ರಂದು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡನು. ಅವನ ಗೀತೆಗಳಲ್ಲಿ ಪದಚಮತ್ಕಾರವೇ ಮಿತಿಮೀರಿ, ಭಾವ ಹಿಂದೆ ಸರಿದ ಸಂದರ್ಭಗಳೂ ಇಲ್ಲದಿಲ್ಲ. ಆದರೆ ಶ್ರೇಷ್ಠ ರಚನೆಗಳಲ್ಲಿ ಅವನು ತನ್ನ ನಿಲುವನ್ನು ಕೇಳುಗರ ಮೇಲೆ ಹೇರುವುದಿಲ್ಲ. ಪಾತ್ರದ ಬಾಯಲ್ಲಿ ಒಂದು ಪ್ರಶ್ನೆಯಿಟ್ಟು ಸುಮ್ಮನಾಗುತ್ತಾನೆ. ಘೋಷಣೆಯನ್ನು ಒಪ್ಪದವರು ತಳ್ಳಿಹಾಕಬಹುದು. ಹಾಡಿನಲ್ಲಿ ಬಂದ ಪ್ರಶ್ನೆಯನ್ನಾದರೋ, ಹಾಡುವಾತ ಪ್ರತಿ ಬಾರಿಯೂ ತನ್ನದೆಂದೇ ಕೇಳಬೇಕಾಗುತ್ತದೆ. ರೊಟ್ಟಿಗಾಗಿ ಸಾಲುಗಟ್ಟಿದ ಆ ದಿನಗಳು ಕಳೆದು ತೊಂಬತ್ತಕ್ಕೂ ಹೆಚ್ಚು ವರ್ಷಗಳಾದರೂ ಹತ್ತು ಸೆಂಟಿನ ಆ ಹಾಡು ಹಳತಾಗದಿರುವುದಕ್ಕೆ ಇದೇ ಕಾರಣ.