ಸಖ್ರ್ ಕಂಪ್ಯೂಟರುಗಳಲ್ಲಿ ಚಿತ್ರಸಂಕೋಚನ: ಒಂದು ಟಿಪ್ಪಣಿ

1. ವ್ಯಾಪ್ತಿ

ಕುವೈತಿನ ಅಲ್ ಆಲಮಿಯಾ ಸಂಸ್ಥೆ 1980ರ ದಶಕದಲ್ಲಿ ಸಖ್ರ್ ಹೆಸರಿನ, ಅರಬ್ಬಿ ಲಿಪಿಯ ಎಂಎಸ್ಎಕ್ಸ್ ಕಂಪ್ಯೂಟರುಗಳನ್ನು ತಂದಿತು. ದುಬೈ, ಅಬುಧಾಬಿ ಸೇರಿದಂತೆ ಕೊಲ್ಲಿ ನಾಡಿನ ಮನೆಗಳಲ್ಲಿ ಟಿವಿಗೆ ಜೋಡಿಸಿ ಬಳಸುತ್ತಿದ್ದ ಯಂತ್ರಗಳಿವು. ಇಲ್ಲಿ ಎಎಕ್ಸ್-170 (ಎಂಎಸ್ಎಕ್ಸ್-1) ಮತ್ತು ಎಎಕ್ಸ್-350 (ಎಂಎಸ್ಎಕ್ಸ್-2) ಮಾದರಿಗಳನ್ನಷ್ಟೇ ಪರಿಗಣಿಸಿದೆ.

2. ಪರದೆಯೊಳಗಿನ ಸಂಕೋಚನ

ಎಎಕ್ಸ್-170ರ 'ಸ್ಕ್ರೀನ್ 2' ವಿಧಾನದಲ್ಲಿ 256×192 ಪಿಕ್ಸೆಲ್‌ಗಳಿವೆ. ಅಡ್ಡಸಾಲಿನ ಪ್ರತಿ 8 ಪಿಕ್ಸೆಲ್‌ಗೆ ಆಕಾರಕ್ಕೊಂದು ಬೈಟ್, ಬಣ್ಣಕ್ಕೊಂದು ಬೈಟ್, ಬಣ್ಣ ಎರಡೇ. ಒಟ್ಟು 12,288 ಬೈಟ್, ಅಂದರೆ ಪಿಕ್ಸೆಲ್‌ಗೆ 2 ಬಿಟ್. 1979ರಲ್ಲಿ ಡೆಲ್ಪ್ ಮತ್ತು ಮಿಚೆಲ್ ಪ್ರಕಟಿಸಿದ ಬ್ಲಾಕ್ ಟ್ರಂಕೇಶನ್ ಕೋಡಿಂಗ್, 4×4 ಚೌಕಗಳಲ್ಲಿ, ಸಾಮಾನ್ಯವಾಗಿ ಇದೇ ದರದಲ್ಲಿ ನಡೆಯುತ್ತದೆ. ಆದ್ದರಿಂದ ಸ್ಕ್ರೀನ್ 2 ಅನ್ನೂ ಸ್ಥಿರ ದರದ ನಷ್ಟಸಹಿತ ಸಂಕೋಚನವೆಂದು ಎಣಿಸಲು ಅಡ್ಡಿಯಿಲ್ಲವೆನಿಸುತ್ತದೆ. ಬಿಡಿಸುವ ಕೆಲಸ ವಿಡಿಯೊ ಚಿಪ್ಪಿನದು. ನಷ್ಟ ಮಾತ್ರ ಎಲ್ಲ ದಿಕ್ಕಿಗೂ ಸಮನಲ್ಲ. ದುಬೈ ಕ್ರೀಕಿನ ಮೇಲಿನ ಸಂಜೆಯಾಗಸದ ಅಡ್ಡಪಟ್ಟಿಗಳು ಬಹುಮಟ್ಟಿಗೆ ಉಳಿಯುತ್ತವೆ. ಅದೇ ಚಿತ್ರದಲ್ಲಿ ಹಾಯಿಕಂಬ, ಬಾವುಟ, ಆಗಸ ಮೂರೂ 8 ಪಿಕ್ಸೆಲ್‌ಗಳೊಳಗೆ ಬಂದರೆ ಒಂದು ಬಣ್ಣವನ್ನು ಬಿಡಲೇಬೇಕು.

3. ಜೆಪೆಗ್: ಕಾಲನಿರ್ಣಯ

ಜೆಪೆಗ್‌ನ ಆಧಾರವಾದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್‌ಗೆ ಎರಡು ಇಸವಿಗಳು ಕಾಣುತ್ತವೆ. ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಅದನ್ನು ಪ್ರಸ್ತಾವಿಸಿದ್ದು 1972ರಲ್ಲಿ, ಟಿ. ನಟರಾಜನ್, ಕೆ. ಆರ್. ರಾವ್ ಅವರೊಡನೆ ಲೇಖನ ಪ್ರಕಟಿಸಿದ್ದು ಜನವರಿ 1974ರಲ್ಲಿ. ಜೆಪೆಗ್ ಮಾನಕಕ್ಕೂ ಹೀಗೆಯೇ: ಟಿ.81 ಶಿಫಾರಸು 1992ರದು, ಐಎಸ್ಒ ಆವೃತ್ತಿ 1994ರದು. ಮಾನಕದ ಯಾವ ಇಸವಿಯನ್ನು ಹಿಡಿದರೂ ಈ ಯಂತ್ರಗಳೇ ಹಳೆಯವು. ಹಾಗಾಗಿ ಇವುಗಳಲ್ಲಿ ಜೆಪೆಗ್ ಬಿಡಿಸುವುದು ಲಾಭಕರವೇ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

4. ಲೆಕ್ಕ

ಈ ಯಂತ್ರಗಳ ಝಡ್80 ಪ್ರೊಸೆಸರ್ (3.58 ಮೆಗಾಹರ್ಟ್ಸ್) ಗುಣಾಕಾರದ ಆದೇಶವನ್ನೇ ಹೊಂದಿಲ್ಲ. ಕೊಸೈನ್ ಟ್ರಾನ್ಸ್‌ಫಾರ್ಮ್‌ಗೆ 1988ರ ಅರಾಯ್–ಅಗುಯಿ–ನಕಾಜಿಮ ವಿಧಾನದಲ್ಲಿ 8×8 ಚೌಕಕ್ಕೆ 80 ಗುಣಾಕಾರಗಳು ಬೇಕು. ವರ್ಣಾಂಶವನ್ನು ಎರಡೂ ದಿಕ್ಕಿನಲ್ಲಿ ಅರ್ಧಕ್ಕಿಳಿಸಿದ 256×192ರ ಚಿತ್ರದಲ್ಲಿ 1,152 ಚೌಕಗಳು, ಅಂದರೆ 92,160 ಗುಣಾಕಾರಗಳು. ಒಂದಕ್ಕೆ 500ರಿಂದ 1,000 ಗಡಿಯಾರ ಆವರ್ತಗಳೆಂದು ಊಹಿಸಿದರೆ ಸುಮಾರು 13ರಿಂದ 26 ಸೆಕೆಂಡ್. ಹಫ್‌ಮನ್ ಬಿಡಿಸುವಿಕೆ, ಬಣ್ಣದ ಪರಿವರ್ತನೆ ಇದರಲ್ಲಿ ಸೇರಿಲ್ಲ.

ಕ್ಯಾಸೆಟ್ಟಿನ ವೇಗ 1,200 ಬಾಡ್, ಬೈಟಿಗೆ 11 ಬಿಟ್. ಸ್ಕ್ರೀನ್ 2ರ ಚಿತ್ರ ಓದಲು ಸುಮಾರು 113 ಸೆಕೆಂಡ್. ಪಿಕ್ಸೆಲ್‌ಗೆ 1 ಬಿಟ್‌ನ ಜೆಪೆಗ್‌ಗೆ 56. ಉಳಿಯುವ 57 ಸೆಕೆಂಡಿನೊಳಗೆ ಬಿಡಿಸುವ ಕೆಲಸವೆಲ್ಲ ಮುಗಿದರಷ್ಟೇ ಲಾಭ. ಆಮೇಲೂ 15 ಬಣ್ಣಗಳಿಗೆ ಇಳಿಸುವಾಗ ಎರಡನೆಯ ನಷ್ಟ ತಪ್ಪದು.

ಎಎಕ್ಸ್-350ರ 'ಸ್ಕ್ರೀನ್ 8'ರ ಸ್ಥಿತಿ ಬೇರೆ: 54,272 ಬೈಟ್, 256 ಬಣ್ಣ. 720 ಕಿಲೊಬೈಟ್ ಡಿಸ್ಕಿನಲ್ಲಿ 13 ಚಿತ್ರಗಳಷ್ಟೇ ಹಿಡಿಯುತ್ತವೆ. ಅದೇ 1 ಬಿಟ್ ದರದ ಜೆಪೆಗ್ ಆದರೆ ನೂರಕ್ಕೂ ಹೆಚ್ಚು.

5. ತೀರ್ಮಾನ (ತಾತ್ಕಾಲಿಕ)

ಸ್ಕ್ರೀನ್ 8ರ ಛಾಯಾಚಿತ್ರಗಳಿಗೆ ಜೆಪೆಗ್ ಸಮರ್ಥನೀಯ. ಸ್ಕ್ರೀನ್ 2ಕ್ಕೆ, ಕ್ಯಾಸೆಟ್ ಬಳಕೆಯನ್ನು ಬಿಟ್ಟರೆ, ಅದರ ಪ್ರಯೋಜನ ಅಲ್ಪ. ಒಂದೇ ಬಣ್ಣದ ಹಿನ್ನೆಲೆಯ ಮೇಲಿನ ಬರಹಕ್ಕಂತೂ, ಅರಬ್ಬಿಯಾಗಲಿ ಕನ್ನಡವಾಗಲಿ, ಜೆಪೆಗ್ ಸಲ್ಲದು: ಅಕ್ಷರದ ಅಂಚಿನಲ್ಲಿ ಕಲೆ ಮೂಡುತ್ತದೆ, ಸ್ಕ್ರೀನ್ 2ರ ಎರಡು ಬಣ್ಣಗಳಲ್ಲಿ ಅದೇ ಅಕ್ಷರ ಒಂದು ಪಿಕ್ಸೆಲ್ಲೂ ಕೆಡದೆ ನಿಲ್ಲುತ್ತದೆ.